ನಾಲಗೆಯ ಕುತೂಹಲ

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂದು ಗಾದೆ. ಉಡುವುದರಲ್ಲಿ ನೆರೆಹೊರೆಯವರ ಕಣ್ಣಿಗೆ ಅಂಜುವ ನಾವು ಉಣ್ಣುವುದರಲ್ಲಾದರೂ ಸ್ವತಂತ್ರರು ಎಂಬುದು ಅದರ ತಾತ್ಪರ್ಯ. ಈ ಸ್ವಾತಂತ್ರ್ಯಕ್ಕೆ ಎಲ್ಲೆಯೆಂಬುದು ಉಂಟೆ?

ಈಚೆಗೆ ಆಫ್ರಿಕಾ ಪ್ರವಾಸ ಮುಗಿಸಿ ಬಂದ ಮಿತ್ರರೊಬ್ಬರು ನೈರೋಬಿಯ ಕಾರ್ನಿವೋರ್ ಎಂಬ ಹೋಟೆಲಿನಲ್ಲಿ ಮೊಸಳೆಯ ಮಾಂಸ ತಿಂದ ಕಥೆ ಹೇಳಿದರು. ರುಚಿ ಹೇಗಿತ್ತೆಂದು ಕೇಳಿದೆ. ‘ಹೆಚ್ಚು ಕಡಿಮೆ ಕೋಳಿಯ ಹಾಗೆಯೇ’ ಎಂದರು. ಹಾಗಿದ್ದರೆ ಕೋಳಿಯೇ ಸಾಲದಿತ್ತೆ? ಸಾಲದು, ಅವರಿಗೆ ಬೇಕಾಗಿದ್ದುದು ಊರಿಗೆ ಬಂದು ಹೇಳಿಕೊಳ್ಳುವುದಕ್ಕೆ ಒಂದು ಸುದ್ದಿ. 1980ರಲ್ಲಿ ಆರಂಭವಾದ ಆ ಹೋಟೆಲು ಒಂದು ಕಾಲಕ್ಕೆ ಜೀಬ್ರಾ, ಜಿರಾಫೆಗಳ ಮಾಂಸವನ್ನೂ ಬಡಿಸುತ್ತಿತ್ತು. 1977ರಲ್ಲೇ ಬೇಟೆಯನ್ನು ನಿಷೇಧಿಸಿದ್ದ ಕೆನ್ಯಾ ಸರ್ಕಾರ 2004ರಲ್ಲಿ ಕಾಡುಪ್ರಾಣಿಗಳ ಮಾಂಸದ ಮಾರಾಟವನ್ನೂ ತಡೆಯಿತು. ಆಮೇಲೆ ಅಲ್ಲಿ ಉಳಿದದ್ದು ಸಾಕಿ ಬೆಳೆಸಿದ ಉಷ್ಟ್ರಪಕ್ಷಿ, ಮೊಸಳೆ. ನಮ್ಮ ಮಿತ್ರರು ಯಾವ ಕಾನೂನನ್ನೂ ಮುರಿಯಲಿಲ್ಲ. ಆದರೆ ನನ್ನ ಪ್ರಶ್ನೆ ಕಾನೂನಿನದಲ್ಲ.

ಈ ಚಪಲಕ್ಕಾಗಿ ಆಫ್ರಿಕಾದವರೆಗೆ ಹೋಗಬೇಕಾಗಿಯೂ ಇಲ್ಲ. ಗುಂಡ್ಲುಪೇಟೆಯಿಂದ ಊಟಿಯ ದಾರಿ ಹಿಡಿದರೆ ಬಂಡೀಪುರ. ರಸ್ತೆಯ ಅಂಚಿನಲ್ಲೇ ಚುಕ್ಕೆ ಜಿಂಕೆಗಳು ಮೇಯುತ್ತಿರುತ್ತವೆ. ‘ಆಹಾ, ಎಷ್ಟು ಚೆಂದ!’ ಎಂಬ ಉದ್ಗಾರದ ಬೆನ್ನಿಗೇ ‘ಇದರ ಮಾಂಸ ಬಹಳ ರುಚಿಯಂತೆ’ ಎಂಬ ಪಿಸುಮಾತನ್ನು ನಾನು ಬಸ್ಸಿನಲ್ಲಿ ಕೇಳಿದ್ದೇನೆ. ಈ ಕಾಡು ಮೈಸೂರು ಮಹಾರಾಜರ ಬೇಟೆಯ ನೆಲವಾಗಿತ್ತು. 1972ರ ವನ್ಯಜೀವಿ ಕಾಯಿದೆ ಬಂದಿತು. ಮರುವರ್ಷ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಅರಮನೆಯ ಅತಿಥಿಯ ಕೋವಿಯನ್ನೂ ಕಾಡುವಾಸಿಯ ಬಲೆಯನ್ನೂ ಕಾಯಿದೆ ಒಂದೇ ಸಮನಾಗಿ ಕೆಳಗಿಡಿಸಿತು.

ಆದರೆ ಇಬ್ಬರ ನಷ್ಟವೂ ಒಂದೇ ಎನ್ನಲಾದೀತೆ? ಅತಿಥಿ ಕಳೆದುಕೊಂಡದ್ದು ಗೋಡೆಗೆ ತೂಗುಹಾಕುವ ಕೊಂಬನ್ನು. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಕಳೆದುಕೊಂಡದ್ದು ಗಡಿಗೆಯೊಳಗಿನ ಆಹಾರವನ್ನು. ರಾಗಿ, ಗೆಡ್ಡೆಗೆಣಸು, ಜೇನುಗಳ ಜೊತೆಗೆ ಬೇಟೆಯೂ ಅವನ ಬದುಕಿನ ಭಾಗವಾಗಿತ್ತು. ಅವನು ಹುಲಿಯನ್ನು ಹುಲಿವೀರಪ್ಪನೆಂದು ಪೂಜಿಸುವವನು, ಬೆಟ್ಟದ ರಂಗನನ್ನು ಬಾವನೆಂದು ಕರೆಯುವವನು. 2006ರ ಅರಣ್ಯ ಹಕ್ಕು ಕಾಯಿದೆಯಂತೆ 2011ರಲ್ಲಿ ಸೋಲಿಗರಿಗೆ ಕಾಡಿನ ಮೇಲೆ ಸಾಮುದಾಯಿಕ ಹಕ್ಕು ದೊರೆಯಿತು. ಜೇನು, ನೆಲ್ಲಿಕಾಯಿ ಮರಳಿ ಬಂದವು, ಬೇಟೆ ಬರಲಿಲ್ಲ. ಆ ಕಾಯಿದೆಯೂ ಬೇಟೆಯನ್ನು ಹೊರಗೇ ಇಟ್ಟಿದೆ. ಕಾಡು ಕಿರಿದಾಗಿರುವ ಈ ದಿನಗಳಲ್ಲಿ ಅದು ಸರಿಯೆಂದೇ ನಾನು ಒಪ್ಪುತ್ತೇನೆ. ಆದರೆ ಹಸಿದವನೇ ತನ್ನ ಹಳೆಯ ಹಕ್ಕನ್ನು ಬಿಟ್ಟುಕೊಡಬೇಕಾಗಿ ಬಂದ ಮೇಲೆ, ಹೊಟ್ಟೆ ತುಂಬಿದವನು ಯಾವ ಮುಖವಿಟ್ಟುಕೊಂಡು ರುಚಿ ನೋಡಬೇಕೆನ್ನುವುದು?

‘ಕುರಿ ಕೋಳಿ ತಿನ್ನುವವನು ಜಿಂಕೆಗಾಗಿ ಮರುಗುವುದು ಆಷಾಢಭೂತಿತನವಲ್ಲವೆ?’ ಎಂದು ಕೇಳಬಹುದು. ಆಕ್ಷೇಪದಲ್ಲಿ ಹುರುಳಿದೆ. ಜಿಂಕೆಗೆ ಹೇಗೋ ಹಾಗೆ ಕುರಿಗೂ ತನ್ನ ಜೀವ ಪ್ರಿಯವೇ. ಆದರೆ ಈ ವಾದದಿಂದ ಜಿಂಕೆಯನ್ನು ತಿನ್ನಲು ಅಪ್ಪಣೆ ಸಿಗುವುದಿಲ್ಲ. ಕುರಿಯ ವಿಷಯದಲ್ಲೂ ಯೋಚಿಸಬೇಕೆಂಬ ಹೊಣೆ ಬರುತ್ತದೆ, ಅಷ್ಟೆ. ಸಸ್ಯಾಹಾರಿಯೂ ಬೀಗಬೇಕಾದದ್ದಿಲ್ಲ. ಅವನ ಎಲೆಯ ಮೇಲಿನ ಅನ್ನ ಬೆಳೆದ ಗದ್ದೆಯೂ ಒಂದು ಕಾಲದ ಕಾಡೇ ಆಗಿದ್ದೀತು. ಯಾರೊಬ್ಬರ ಊಟವೂ ಪೂರ್ತಿ ನಿರಪರಾಧಿಯಲ್ಲ. ಆದ್ದರಿಂದಲೇ ಆ ಅಪರಾಧವನ್ನು ಅಗತ್ಯ ಮೀರಿ ಬೆಳೆಸಬಾರದು.

ಚಾಮರಾಜನಗರಕ್ಕೆ ನೆರೆಯಾದ ಗಾಜನೂರಿನ ರಾಜಕುಮಾರ್ 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ ಬೆಳ್ಳಿತೆರೆಗೆ ಬಂದರು. ಕಣ್ಣಪ್ಪನೂ ಕಾಡಿನ ಮಾಂಸವನ್ನು ಬಾಯಿಗಿಟ್ಟು ರುಚಿ ನೋಡಿದವನೇ. ಆದರೆ ಒಳ್ಳೆಯ ತುಂಡು ಶಿವನಿಗಿರಲಿ ಎಂದು ನೋಡಿದ. ಅವನ ನಾಲಗೆ ಇನ್ನೊಬ್ಬರಿಗಾಗಿ ದುಡಿಯುತ್ತಿತ್ತು. ಪ್ರವಾಸಿಯ ನಾಲಗೆ ತನ್ನ ಜಂಬಕ್ಕಾಗಿ ದುಡಿಯುತ್ತದೆ. ಹಸಿವಿಗೆ ಒಂದು ನ್ಯಾಯವಿದೆ, ಭಕ್ತಿಗೂ ಒಂದು ನ್ಯಾಯವಿದ್ದೀತು. ಕುತೂಹಲವೂ ಒಳ್ಳೆಯ ಗುಣವೇ; ಅದನ್ನು ತಣಿಸಲು ಕಣ್ಣಿದೆ, ಕಿವಿಯಿದೆ, ಪುಸ್ತಕಗಳಿವೆ. ಇನ್ನೊಂದು ಜೀವದ ಬೆಲೆ ತೆತ್ತು ತಣಿಸಬೇಕಾದಷ್ಟು ದೊಡ್ಡದೆಂದು ನಾಲಗೆಯ ಕುತೂಹಲವನ್ನು ನಾನಂತೂ ಭಾವಿಸಲಾರೆ.