ಒಡೆತನದ ಮೇರೆ

ಮನುಷ್ಯನು ಯಾವ ಯಾವುದನ್ನು ‘ನನ್ನದು’ ಎಂದು ಹೇಳಿಕೊಳ್ಳಬಹುದು, ಹಾಗೆ ಹೇಳಿಕೊಂಡದ್ದನ್ನು ಮನಸ್ಸು ಬಂದಂತೆ ಮಾರುವ, ಸಾಗಿಸುವ, ಅಳಿಸಿಹಾಕುವ ಅಧಿಕಾರ ಅವನಿಗೆ ಎಲ್ಲಿಯ ತನಕ ಉಂಟು ಎಂಬ ಪ್ರಶ್ನೆಯನ್ನು ನಮ್ಮ ಪೂರ್ವಮೀಮಾಂಸಕರು ಯಜ್ಞದ ಪ್ರಸಂಗದಲ್ಲಿ ಎತ್ತಿಕೊಂಡರು. ವಿಶ್ವಜಿತ್ ಎಂಬ ಯಾಗವನ್ನು ಮಾಡತಕ್ಕವನು ತನ್ನ ಸರ್ವಸ್ವವನ್ನೂ ದಕ್ಷಿಣೆಯಾಗಿ ಕೊಟ್ಟುಬಿಡಬೇಕೆಂದು ವಿಧಿ. ಹಾಗಾದರೆ ನನ್ನ ತಂದೆ, ನನ್ನ ತಾಯಿ ಎನ್ನುತ್ತೇವಲ್ಲ, ಅವರನ್ನೂ ಕೊಡಬೇಕೆ? ಯಜಮಾನನು ಸಾರ್ವಭೌಮನೇ ಆಗಿದ್ದರೆ ಇಡೀ ಭೂಮಿಯನ್ನು ಧಾರೆಯೆರೆದುಬಿಡಬಹುದೆ? ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ಬರುವ ಈ ವಿಚಾರಕ್ಕೆ ದೊರೆತ ನಿರ್ಣಯ, ಎರಡೂ ಸಲ್ಲದೆಂದೇ. ತಂದೆತಾಯಿಯರಲ್ಲಿ ನಮಗಿರುವುದು ಸಂಬಂಧ, ಸ್ವಾಮ್ಯವಲ್ಲ. ಭೂಮಿಯಾದರೋ ಸರ್ವರಿಗೂ ಸಮಾನವಾದುದು, ಅರಸನಿಗೆ ಅದರಲ್ಲಿರುವುದು ರಕ್ಷಣೆಯ ಭಾರವೂ ಆ ರಕ್ಷಣೆಗೆ ಪ್ರತಿಫಲವಾಗಿ ಸಲ್ಲುವ ಒಂದು ಭಾಗವೂ ಮಾತ್ರ.

ಅಮೆರಿಕೆಯ ಓಹಾಯೊ ರಾಜ್ಯದ ರಾಜಧಾನಿಯಾದ ಕೊಲಂಬಸ್ ನಗರದ ಜನ ಜೈಮಿನಿಯ ಹೆಸರನ್ನು ಕೇಳಿದವರಲ್ಲ. ಆದರೂ 2017ರ ಅಕ್ಟೋಬರ್ ತಿಂಗಳಲ್ಲಿ ಅವರನ್ನು ಬೀದಿಗೆ ತಂದ ಪ್ರಶ್ನೆ ಇದೇ ಆಗಿತ್ತು. ಅಲ್ಲಿಯವರು ಸಾಕರ್ ಎಂದು ಕರೆಯುವ ಫುಟ್‌ಬಾಲ್ ಆಟಕ್ಕೆ ಮೇಲ್ದರ್ಜೆಯ ಲೀಗ್ ಒಂದನ್ನು ಕಟ್ಟಿಕೊಡುವೆವೆಂದು ಮಾತುಕೊಟ್ಟು ಆ ದೇಶ 1994ರ ವಿಶ್ವಕಪ್ಪನ್ನು ನಡೆಸುವ ಹಕ್ಕನ್ನು ಪಡೆದಿತ್ತು. ಆ ಮಾತಿನ ಫಲವಾದ ಮೇಜರ್ ಲೀಗ್ ಸಾಕರ್ 1996ರಲ್ಲಿ ಹತ್ತು ತಂಡಗಳೊಡನೆ ಆಟ ತೊಡಗಿತು. ಆ ಹತ್ತರಲ್ಲಿ ಎಲ್ಲಕ್ಕಿಂತ ಮೊದಲು ಸ್ಥಾನ ಪಡೆದದ್ದು ಕೊಲಂಬಸ್ ಕ್ರೂ. ಕಟ್ಟಡದ ಕೆಲಸಗಾರರ ಗಟ್ಟಿ ಟೋಪಿ ತೊಟ್ಟ ಮೂವರು ದುಡಿಮೆಗಾರರೇ ಅದರ ಮೊದಲ ಲಾಂಛನ. ಹಳದಿ ಮತ್ತು ಕಪ್ಪು ಅದರ ಬಣ್ಣ. ತೆರಿಗೆಯ ಹಣದಿಂದ ಕ್ರೀಡಾಂಗಣ ಕಟ್ಟಲು ಮತದಾರರು ಒಪ್ಪದೆಹೋದಾಗ ಲಾಮಾರ್ ಹಂಟ್ ಎಂಬ ಧನಿಕರು ಸ್ವಂತ ಹಣ ಸುಮಾರು 2 ಕೋಟಿ 85 ಲಕ್ಷ ಡಾಲರನ್ನು ಸುರಿದು, ರಾಜ್ಯದ ವಾರ್ಷಿಕ ಮೇಳ ನಡೆಯುವ ಬಯಲಿನಲ್ಲಿ, 1999ರಲ್ಲಿ ಒಂದು ಕ್ರೀಡಾಂಗಣವನ್ನು ಎಬ್ಬಿಸಿದರು. ಆ ಲೀಗಿನಲ್ಲಿ ಸಾಕರಿಗೆಂದೇ ಕಟ್ಟಿದ ಮೊದಲ ಕ್ರೀಡಾಂಗಣ ಅದು. ಅಲಂಕಾರವಿಲ್ಲದ ಕಬ್ಬಿಣದ ಮೆಟ್ಟಿಲುಗಳು; ಅದರ ಒಂದು ಮೂಲೆಯಲ್ಲಿ ಹಳದಿ ಅಂಗಿಯ ಜನ ಆಟ ಮುಗಿಯುವ ತನಕ ಕೂರದೆ, ಡೋಲು ಬಡಿಯುತ್ತ, ಹಾಡುತ್ತ ನಿಂತಿರುತ್ತಿದ್ದರು.

2013ರಲ್ಲಿ ಹಂಟ್ ಕುಟುಂಬದಿಂದ ತಂಡವನ್ನು ಕೊಂಡ ಆಂಟನಿ ಪ್ರೀಕೋರ್ಟ್ ಎಂಬವರು, ಹೊಸ ಕ್ರೀಡಾಂಗಣ ದೊರೆಯದಿದ್ದರೆ ತಂಡವನ್ನು ಟೆಕ್ಸಾಸಿನ ಆಸ್ಟಿನ್ ನಗರಕ್ಕೆ ಸಾಗಿಸುವುದಾಗಿ ನಾಲ್ಕು ವರ್ಷಗಳ ತರುವಾಯ ಪ್ರಕಟಿಸಿದರು. ಆಸ್ಟಿನ್ನಿಗೆ ಹೋಗಬಹುದೆಂಬ ಒಂದು ವಿನಾಯಿತಿ ಕ್ರಯದ ಕಾಲದ ಕರಾರಿನಲ್ಲೇ ಅಡಗಿತ್ತೆಂಬುದು ಊರಿಗೆ ಗೊತ್ತಾದದ್ದೂ ಆಗಲೇ. ಹಣ ಕೊಟ್ಟವನು, ಕಾಗದಪತ್ರ ಇದ್ದವನು, ಲೀಗಿನ ಒಪ್ಪಿಗೆಯನ್ನೂ ಹೊಂದಿದವನು ತನ್ನ ವಸ್ತುವನ್ನು ಬೇರೆ ಊರಿಗೆ ಒಯ್ಯುತ್ತೇನೆಂದರೆ ಅಡ್ಡ ಬರಲು ಟಿಕೆಟ್ ಕೊಂಡು ಕುಳಿತವನಿಗೆ ಏನು ಅಧಿಕಾರ?

ಈ ಆಕ್ಷೇಪವನ್ನು ನಾನು ಹಗುರವಾಗಿ ಎಣಿಸಲಾರೆ, ಏಕೆಂದರೆ ಆ ಲೀಗಿನ ಚರಿತ್ರೆಯಲ್ಲಿ ಧನಿಕನು ಬರಿಯ ಲಾಭಕೋರನಾಗಿ ಕಾಣಿಸಿಕೊಂಡವನಲ್ಲ. 2002ರ ಆರಂಭದಲ್ಲಿ, ನಷ್ಟ ತಡೆಯಲಾರದೆ, ಫ್ಲಾರಿಡಾದ ಟ್ಯಾಂಪಾ ಬೇ ಮತ್ತು ಮಯಾಮಿ ತಂಡಗಳೆರಡನ್ನೂ ಮುಚ್ಚಿದರು. ಉಳಿದ ಹತ್ತರಲ್ಲಿ ಆರನ್ನು ಫಿಲಿಪ್ ಆನ್‌ಶುಟ್ಜ್ ಒಬ್ಬರೇ ಹೊತ್ತುಕೊಂಡಿದ್ದರು. ಅವರೂ ಹಂಟರೂ ಕೈಬಿಟ್ಟಿದ್ದರೆ ಲೀಗ್ ಅಂದೇ ಮುಗಿಯುತ್ತಿತ್ತೆಂಬುದರಲ್ಲಿ ಸಂಶಯವಿಲ್ಲ. ಅಲ್ಲಿಯ ವ್ಯವಸ್ಥೆಯೂ ವಿಲಕ್ಷಣವಾದುದು: ತಂಡಗಳೆಲ್ಲವೂ, ಆಟಗಾರರ ಕರಾರುಗಳೂ ಲೀಗಿನವು, ನಾವು ಮಾಲಿಕನೆಂದು ಕರೆಯುವಾತನು ವಸ್ತುತಃ ಲೀಗಿನ ಒಬ್ಬ ಪಾಲುದಾರ, ಒಂದು ಊರಿನಲ್ಲಿ ಒಂದು ತಂಡವನ್ನು ನಡೆಸುವ ಹಕ್ಕು ಪಡೆದವನು. ಆದುದರಿಂದ ಕೊಲಂಬಸ್ಸಿನಿಂದ ಹೊರಡಲು ಬಯಸಿದವರಿಗೆ ಆ ಪಾಲು ಎಲ್ಲಿಗೆ ಬೇಕಾದರೂ ಕೊಂಡೊಯ್ಯಬಹುದಾದ ವಸ್ತುವಾಗಿ ಕಂಡಿರಬೇಕು. ಅವರ ಲೆಕ್ಕದ ಪುಸ್ತಕದಲ್ಲಿ ತಪ್ಪಿರಲಿಲ್ಲ. ಆ ಪುಸ್ತಕದಲ್ಲಿ ಬರೆಯಲು ಬಾರದ ಒಂದು ಪದಾರ್ಥ ಉಂಟೆಂಬುದೇ ವಿವಾದದ ಮೂಲ.

ಆ ಪದಾರ್ಥ ಯಾವುದೆಂಬುದನ್ನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದ ಪ್ರಕರಣ ತೋರಿಸಿಕೊಡುತ್ತದೆ. 2005ರ ಕೊನೆಯಲ್ಲಿ ಅಲ್ಲಿಯ ಅರ್ತ್‌ಕ್ವೇಕ್ಸ್ ತಂಡದ ಆಟಗಾರರೂ ತರಬೇತುದಾರರೂ ಹ್ಯೂಸ್ಟನ್ನಿಗೆ ಹೋದರು. ಹೋದವರು ಮುಂದಿನ ಎರಡು ವರ್ಷವೂ ಡೈನಮೊ ಎಂಬ ಹೊಸ ಹೆಸರಿನಲ್ಲಿ ಚಾಂಪಿಯನ್ನರಾದರು. ಆದರೆ ಹಳೆಯ ಹೆಸರು, ಬಣ್ಣ, 2001 ಮತ್ತು 2003ರ ಗೆಲುವುಗಳ ದಾಖಲೆ ಇವಿಷ್ಟೂ ಸ್ಯಾನ್ ಹೋಸೆಯಲ್ಲೇ ಉಳಿಯತಕ್ಕದ್ದೆಂದು ಲೀಗ್ ತೀರ್ಮಾನಿಸಿತು. 2008ರಲ್ಲಿ ಬೇರೆ ಆಟಗಾರರು ಬಂದು ಆ ಹೆಸರನ್ನು ಧರಿಸಿದಾಗ ಊರಿನವರು ಹೊಸ ತಂಡ ಹುಟ್ಟಿತೆನ್ನಲಿಲ್ಲ, ನಮ್ಮ ತಂಡ ಹಿಂದಿರುಗಿತೆಂದರು. ಗೆದ್ದ ಕಾಲುಗಳು ಹ್ಯೂಸ್ಟನ್ನಿನಲ್ಲಿ, ಗೆಲುವು ಸ್ಯಾನ್ ಹೋಸೆಯಲ್ಲಿ! ದೇಹವನ್ನೇ ದೇಹಿಯೆಂದು ಬಗೆಯಬಾರದೆಂಬ ವೇದಾಂತಿಯ ಮಾತಿಗೆ ಇಷ್ಟು ವಿಶದವಾದ ಲೌಕಿಕ ದೃಷ್ಟಾಂತವನ್ನು ನಾನು ಬೇರೆ ಕಂಡಿಲ್ಲ. ಆಟಗಾರರು ಬರುತ್ತಾರೆ, ಹೋಗುತ್ತಾರೆ, ಮಾಲಿಕರೂ ಹಾಗೆಯೇ. ಇವರೆಲ್ಲರ ನಡುವೆ ಬದಲಾಗದೆ ನಿಂತು ‘ಅದೇ ಇದು’ ಎಂಬ ಪ್ರತ್ಯಭಿಜ್ಞೆಯನ್ನು ಹುಟ್ಟಿಸುವುದು, ಸ್ವಾಮ್ಯಪತ್ರವೇನೂ ಇಲ್ಲದ ಜನಸಮೂಹದ ನೆನಪು.

ನೆನಪು ಹಕ್ಕಾಗುತ್ತದೆಯೆ? ಈ ಎಡೆಯಲ್ಲಿ ನನಗೆ ಒತ್ತಾಸೆಯಾಗಿ ಬರುವವನು ನಮ್ಮ ಕಲ್ಯಾಣದ ವಿಜ್ಞಾನೇಶ್ವರ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ಆ ಪಂಡಿತನು, ಸ್ವಾಮ್ಯವೆಂಬುದು ಶಾಸ್ತ್ರದಿಂದ ಮಾತ್ರ ತಿಳಿಯತಕ್ಕದ್ದೋ ಲೋಕವ್ಯವಹಾರದಿಂದಲೇ ಸಿದ್ಧವಾದುದೋ ಎಂದು ದೀರ್ಘವಾಗಿ ಚರ್ಚಿಸಿ, ಲೌಕಿಕವೆಂದೇ ನಿರ್ಣಯಿಸಿದನು. ಪಿತ್ರಾರ್ಜಿತವಾದ ಸ್ವತ್ತಿನಲ್ಲಿ ಮಗನಿಗೆ ಹಕ್ಕು ಬರುವುದು ತಂದೆಯ ಮರಣದಿಂದಲ್ಲ, ತನ್ನ ಜನ್ಮದಿಂದಲೇ ಎಂದೂ ಸಾಧಿಸಿದನು. ಹುಟ್ಟಿದವರು, ಗರ್ಭದಲ್ಲಿರುವವರು, ಇನ್ನೂ ಹುಟ್ಟಬೇಕಾದವರು ಎಲ್ಲರಿಗೂ ಆಧಾರವಾದ ಸ್ಥಿರಾಸ್ತಿಯನ್ನು ಮನೆಯ ಯಜಮಾನನು ತಾನೊಬ್ಬನೇ ಮಾರಲಾರನು. ಇದರಿಂದ ಯಜಮಾನಿಕೆ ಅಳಿಯಿತೆಂದಲ್ಲ, ಅದಕ್ಕೆ ಒಂದು ಮೇರೆ ಬಿದ್ದಿತು. ಆಪತ್ಕಾಲದಲ್ಲಿ, ಕುಟುಂಬದ ರಕ್ಷಣೆಗೆ, ಧರ್ಮಕಾರ್ಯಕ್ಕೆ ವಿಕ್ರಯವೂ ಸಲ್ಲುತ್ತದೆಂದು ಆ ವ್ಯಾಖ್ಯಾನವೇ ಅನುಮತಿಸುತ್ತದೆ. ಫ್ಲಾರಿಡಾದ ಎರಡು ತಂಡಗಳ ಅಂತ್ಯವನ್ನು ನಾನು ಆಪದ್ಧರ್ಮವೆಂದು ಒಪ್ಪಬಲ್ಲೆ, ಮನೆಯೇ ಬೀಳುವುದರಲ್ಲಿತ್ತು. 2017ರಲ್ಲಿ ಬಂದ ಆಪತ್ತಾದರೂ ಯಾವುದು? ಆ ವರ್ಷಗಳಲ್ಲಿ ಲೀಗಿಗೆ ಸೇರಲು ಸಿನ್ಸಿನಾಟಿಯಂಥ ನಗರದ ಧನಿಕರು 15 ಕೋಟಿ ಡಾಲರ್ ಪ್ರವೇಶಧನ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು.

ಕೊಲಂಬಸ್ಸಿನವರಿಗೆ ಮಿತಾಕ್ಷರಾ ಇರಲಿಲ್ಲ. ಆದರೆ ಅದರ ಛಾಯೆಯಂತಹ ಒಂದು ಕಾನೂನು ಅವರ ರಾಜ್ಯದಲ್ಲಿತ್ತು. ಆರ್ಟ್ ಮೋಡೆಲ್ ಎಂಬವರು ಕ್ಲೀವ್‌ಲ್ಯಾಂಡಿನ ಬ್ರೌನ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡವನ್ನು ಬಾಲ್ಟಿಮೋರಿಗೆ ಒಯ್ದ ನೋವಿನಿಂದ 1996ರಲ್ಲಿ ಹುಟ್ಟಿದ ಶಾಸನ ಅದು: ಸಾರ್ವಜನಿಕರ ಹಣದ ಆಸರೆ ಪಡೆದ ತಂಡವನ್ನು ಹೊರಗೆ ಸಾಗಿಸುವ ಮೊದಲು ಮಾಲಿಕನು ಊರಿನ ಒಪ್ಪಿಗೆ ಪಡೆಯಬೇಕು, ಇಲ್ಲವೆ ಆರು ತಿಂಗಳ ಮುನ್ಸೂಚನೆ ಕೊಟ್ಟು ತಂಡವನ್ನು ಕೊಳ್ಳುವ ಅವಕಾಶವನ್ನು ಸ್ಥಳೀಯರಿಗೆ ಒದಗಿಸಬೇಕು. 2018ರ ಮಾರ್ಚಿನಲ್ಲಿ ರಾಜ್ಯವೂ ನಗರವೂ ಇದನ್ನು ಹಿಡಿದು ನ್ಯಾಯಾಲಯದ ಮೆಟ್ಟಿಲೇರಿದವು. ಅಷ್ಟರಲ್ಲಿ ಬೆಂಬಲಿಗರು ಅಂಗಡಿಯ ಗಾಜುಗಳಿಗೆ, ಮನೆಯ ಮುಂದಿನ ಹುಲ್ಲಿಗೆ ‘ಕ್ರೂ ಉಳಿಸಿ’ ಎಂಬ ಹಳದಿ ಫಲಕಗಳನ್ನು ನೆಟ್ಟು, ಹೊಸ ಮಾಲಿಕ ಬಂದರೆ ಟಿಕೆಟ್ ಕೊಳ್ಳುತ್ತೇವೆಂಬ ವಾಗ್ದಾನಗಳನ್ನು ಊರೆಲ್ಲ ತಿರುಗಿ ಕೂಡಿಸಿದ್ದರು. ಕಡೆಗೆ ಹ್ಯಾಸ್ಲಮ್ ಕುಟುಂಬದವರೂ, ಬಹುಕಾಲ ತಂಡದ ವೈದ್ಯರಾಗಿದ್ದ ಪೀಟ್ ಎಡ್ವರ್ಡ್ಸ್ ಅವರ ಕುಟುಂಬದವರೂ ಮುಂದೆ ಬಂದು 2019ರ ಜನವರಿಯಲ್ಲಿ ತಂಡವನ್ನು ವಹಿಸಿಕೊಂಡರು. ಮರುವರ್ಷದ ಡಿಸೆಂಬರಿನಲ್ಲಿ, ಸಾಂಕ್ರಾಮಿಕದ ದೆಸೆಯಿಂದ ಬಹುಪಾಲು ಬರಿದಾಗಿದ್ದ ಅದೇ ಕ್ರೀಡಾಂಗಣದಲ್ಲಿ, ಕ್ರೂ ತಂಡ ಸಿಯಾಟಲ್ಲನ್ನು ಮೂರು ಗೋಲುಗಳಿಂದ ಸೋಲಿಸಿ ಚಾಂಪಿಯನ್ ಆಯಿತು.

ಉಳಿಸಿದವರಿಗೂ ಮೇರೆಯ ನೆನಪು ತಪ್ಪಿತು. 2021ರ ಮೇ ತಿಂಗಳಲ್ಲಿ ಹೊಸ ಮಾಲಿಕರು ತಂಡದ ಹೆಸರನ್ನು ಕೊಲಂಬಸ್ ಎಸ್‌ಸಿ ಎಂದು ಬದಲಿಸಿ ಹೊಸ ಲಾಂಛನವನ್ನು ಮುಂದಿಟ್ಟರು; ಊರು ಮತ್ತೆ ಎದ್ದು ನಿಂತಿತು; ಸುಮಾರು ಒಂದು ವಾರದಲ್ಲಿ ‘ಕ್ರೂ’ ಹಿಂದಕ್ಕೆ ಬಂದಿತು. ಉಪಕಾರ ಮಾಡಿದ್ದೇವೆಂಬ ಭಾವದಿಂದಲೂ ಸ್ವಾಮ್ಯ ಬೆಳೆಯುತ್ತದೆ, ಬಹುಶಃ ಹಣದಿಂದ ಬೆಳೆಯುವುದಕ್ಕಿಂತ ವೇಗವಾಗಿ. ಅದಕ್ಕೂ ಜನ ಇಲ್ಲವೆಂದರೆಂಬುದು ನನ್ನ ಎಣಿಕೆಯಲ್ಲಿ ಮೊದಲಿನ ಜಯಕ್ಕಿಂತ ದೊಡ್ಡ ಜಯ.

ಇನ್ನು ವಿಸ್ತರಣದ ವಿಚಾರ. ಹಿಂದೆ ಹತ್ತಿದ್ದ ತಂಡಗಳು ಈಗ ಮೂವತ್ತು. ಯೂರೋಪಿನಲ್ಲಿ ಕೆಳಗಿನ ದರ್ಜೆಯ ತಂಡ ಆಡಿ ಗೆದ್ದು ಮೇಲೇರಬಹುದು. ಅಮೆರಿಕೆಯ ಈ ಲೀಗಿಗೆ ಹಾಗೆ ಏರುವ ಮೆಟ್ಟಿಲಿಲ್ಲ, ಬೆಲೆ ತೆತ್ತೇ ಒಳಗೆ ಬರಬೇಕು. 2007ರಲ್ಲಿ ಟೊರಾಂಟೊ ತೆತ್ತದ್ದು 1 ಕೋಟಿ ಡಾಲರ್. 2009ರಲ್ಲಿ ಸಿಯಾಟಲ್ ತೆತ್ತದ್ದು 3 ಕೋಟಿ. 2025ರಲ್ಲಿ ಆಟ ತೊಡಗಿದ ಸ್ಯಾನ್ ಡಿಯಾಗೊ ತೆತ್ತದ್ದು 50 ಕೋಟಿ. ಇಷ್ಟು ಧನದಿಂದ ಹುಟ್ಟಿದ ತಂಡಕ್ಕೆ ಜನ್ಮಸಿದ್ಧವಾದ ಹಕ್ಕುದಾರರು ಎಲ್ಲಿಂದ ಬರಬೇಕೆಂದು ಕೇಳಬಹುದು. ಸಿಯಾಟಲ್ಲಿನಲ್ಲಿ ಅವರು ಮೊದಲೇ ಇದ್ದರು. 2008ರಲ್ಲಿ ಹೊಸ ತಂಡಕ್ಕೆ ಹೆಸರಾರಿಸಲು ಮಾಲಿಕರು ಮೂರು ಹೆಸರುಗಳನ್ನು ಊರಿನ ಮತಕ್ಕಿಟ್ಟರು. ಜನ ಆ ಮೂರನ್ನೂ ಬದಿಗಿರಿಸಿ, ಪಟ್ಟಿಯಲ್ಲಿಲ್ಲದ ‘ಸೌಂಡರ್ಸ್’ ಎಂಬ ಹೆಸರನ್ನು ತಾವೇ ಬರೆದು ಕಳುಹಿಸಿದರು. 1974ರಲ್ಲಿ ಆ ಊರಿನ ಬೇರೊಂದು ತಂಡ ಧರಿಸಿದ್ದ ಹೆಸರು ಅದು. ಹೊಸ ತಂಡದ ಮುಖ್ಯ ವ್ಯವಸ್ಥಾಪಕರನ್ನು ಉಳಿಸಿಕೊಳ್ಳಬೇಕೆ ಬಿಡಬೇಕೆ ಎಂದು ನಾಲ್ಕು ವರ್ಷಕ್ಕೊಮ್ಮೆ ಮತ ಹಾಕುವ ಅಧಿಕಾರವನ್ನೂ ಅಲ್ಲಿಯ ಸದಸ್ಯ ಬೆಂಬಲಿಗರಿಗೆ ಕೊಟ್ಟಿದ್ದಾರೆ.

ಸ್ಯಾನ್ ಡಿಯಾಗೊವಿನ ಕಥೆ ಮತ್ತೊಂದು ಬಗೆಯದು. ಅಲ್ಲಿ ಈಜಿಪ್ಟ್ ಮೂಲದ ಉದ್ಯಮಿ ಮೊಹಮದ್ ಮನ್ಸೂರರ ಜೊತೆಗೆ ಪಾಲುದಾರರಾಗಿರುವವರು ಕುಮೆಯಾಯ್ ಜನಾಂಗದ ಸೈಕ್ವಾನ್ ಪಂಗಡದವರು, ಆ ನೆಲದ ಆದಿನಿವಾಸಿಗಳು. ಹಿಂದೊಮ್ಮೆ ನೆಲದ ಒಡೆತನದ ಹೆಸರಿನಲ್ಲೇ ತಮ್ಮ ನೆಲವನ್ನು ಕಳೆದುಕೊಂಡ ಜನ ಈಗ ಅದೇ ನೆಲದ ಮೇಲೆ ಆಡುವ ತಂಡಕ್ಕೆ ಒಡೆಯರ ಸಾಲಿನಲ್ಲಿ ಕುಳಿತಿದ್ದಾರೆ. ಒಡೆತನವೆಂದರೇನೆಂದು ಆ ಸಾಲಿನಲ್ಲಿ ಅವರಿಗಿಂತ ಚೆನ್ನಾಗಿ ಬಲ್ಲವರು ಇರಲಾರರು.

ಆಸ್ಟಿನ್ನಿನ ಮಾತು ಉಳಿಯಿತು. ಪ್ರೀಕೋರ್ಟರ ಪಾಲು ಲೀಗಿನಲ್ಲಿ ಹಾಗೆಯೇ ಉಳಿದು, 2021ರಲ್ಲಿ ಆಸ್ಟಿನ್ ಎಫ್‌ಸಿ ಎಂಬ ಹೊಸ ತಂಡವಾಗಿ ರೂಪುಗೊಂಡಿತು. ಕೊಲಂಬಸ್ಸಿನ ಕಣ್ಣೀರಿನ ಬದಿಯಿಂದ ಬಂದ ತಂಡವೆಂದು ಅದರ ಬೆಂಬಲಿಗರ ಪ್ರೀತಿಯನ್ನು ಕೀಳಾಗಿ ಕಾಣುವುದು ಅನ್ಯಾಯ. ಹಸಿರಂಗಿ ತೊಟ್ಟು ತಂದೆಯ ಹೆಗಲೇರಿ ಆಟ ನೋಡಿದ ಮಗುವಿಗೆ ಕರಾರಿನ ವಿನಾಯಿತಿಯ ಪಾಪ ತಟ್ಟುವುದಿಲ್ಲ, ಮುಂದೊಮ್ಮೆ ಆ ತಂಡವನ್ನು ಯಾರಾದರೂ ಸಾಗಿಸಹೊರಟರೆ ಅಡ್ಡ ನಿಲ್ಲುವ ಅಧಿಕಾರ ಆ ಮಗುವಿಗೂ ಇರುತ್ತದೆ. ಆ ಊರಿನ ನಗರಸಭೆಯೂ ಓಹಾಯೊವಿನ ಜಗಳವನ್ನು ಕಣ್ಣೆದುರಿಗೆ ಇಟ್ಟುಕೊಂಡೇ 2018ರ ಆಗಸ್ಟಿನಲ್ಲಿ ಒಪ್ಪಂದಕ್ಕೆ ಅನುಮತಿ ಕೊಟ್ಟದ್ದು: ಕ್ರೀಡಾಂಗಣವನ್ನು ತಂಡದವರು ತಮ್ಮ ಖರ್ಚಿನಿಂದ ನಗರದ ನೆಲದ ಮೇಲೆ ಕಟ್ಟಬೇಕು, ಕಟ್ಟಿದ್ದು ನಗರದ ಸ್ವತ್ತಾಗಬೇಕು, ತಂಡ ಅದರಲ್ಲಿ ಬಾಡಿಗೆದಾರನಾಗಿ ಆಡಬೇಕು.