ರಾಡಿ ಮಾಡಿದವರು ಯಾರು?

ಬೆಳಗಾವಿಯಲ್ಲಿ ಬಿ.ಎ. ಓದುತ್ತಿದ್ದಾಗ ಒಂದು ದಿನ ಇಂಗ್ಲಿಷ್ ಸರ್ ಕರಿಹಲಗೆಯ ಮೇಲೆ ಒಂದರ ಕೆಳಗೊಂದು ಪದ ಬರೆದರು. ಪೊಲ್ಯೂಟ್, ಕಂಟಾಮಿನೇಟ್, ಮಡ್ಲ್, ಕನ್‌ಫ್ಯೂಸ್, ಡೆನಿಗ್ರೇಟ್, ಆಬ್‌ಫಸ್ಕೇಟ್. ಹೊಲಸು ಮಾಡು, ಕೆಡಿಸು, ಕದಡು, ಗೊಂದಲ ಮಾಡು, ಮಸಿ ಬಳಿ, ಮಸುಕು ಮಾಡು. "ಎಲ್ಲಾ ಒಂದ ಜಾತಿ ಶಬ್ದ. ಬಾಯಿಪಾಠ ಮಾಡ್ರಿ" ಅಂದರು.

ಅವರು ಸಹಜವಾಗಿ ಅಂದ ಮಾತು. ನನಗೆ ಸಹಜವಾಗಲಿಲ್ಲ. ಗ್ರಂಥಾಲಯಕ್ಕೆ ಹೋಗಿ ದಪ್ಪ ನಿಘಂಟು ತೆಗೆದು ಆ ಪದಗಳ ಬೇರು ಹುಡುಕಿದೆ. ಪೊಲ್ಯೂಟ್ ಮತ್ತು ಮಡ್ಲ್, ಇವೆರಡರ ಬೇರೂ ಕೆಸರಿನಲ್ಲಿದೆ. ಕಂಟಾಮಿನೇಟ್ ಹುಟ್ಟಿದ್ದು 'ಮುಟ್ಟು' ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ. ಕನ್‌ಫ್ಯೂಸ್ ಅಂದರೆ ಮೂಲದಲ್ಲಿ 'ಒಟ್ಟಿಗೆ ಸುರಿ, ಬೆರೆಸು'. ಡೆನಿಗ್ರೇಟ್ ಅಂದರೆ ಕಪ್ಪು ಮಾಡು. ಆಬ್‌ಫಸ್ಕೇಟ್ ಅಂದರೆ ಕತ್ತಲು ಕವಿಸು.

ಮಣ್ಣು, ಮುಟ್ಟುವುದು, ಬೆರೆಯುವುದು, ಕಪ್ಪು. ಈ ನಾಲ್ಕನ್ನೂ ಸೇರಿಸಿದರೆ ಯಾರ ಚಿತ್ರ ಮೂಡುತ್ತದೆ? ನಮ್ಮ ಕೇರಿಯದು. ರೋಮಿನವರಿಗೆ ನಮ್ಮ ಕೇರಿ ಗೊತ್ತಿರಲಿಲ್ಲ ನಿಜ. ಆದರೆ ಅಲ್ಲಿಯೂ ಗುಲಾಮರಿದ್ದರು. ದುಡಿಯುವವನಿಂದ ದೂರ ನಿಂತು ಉಣ್ಣುವವರು ಎಲ್ಲೇ ಇರಲಿ, ಅವರ ನಿಘಂಟು ಹೀಗೇ ಬೆಳೆಯುತ್ತದೇನೋ.

ನಮ್ಮದು ಖಾನಾಪುರ ತಾಲ್ಲೂಕು. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುವ, ಮಳೆ ಜಡಿಯುವ, ಭತ್ತ ಬೆಳೆಯುವ ಸೀಮೆ. ನಾಟಿಗೆ ಮುಂಚೆ ಗದ್ದೆಗೆ ನೀರು ಕಟ್ಟಿ, ಮಣ್ಣೂ ನೀರೂ ಒಂದಾಗುವ ಹಾಗೆ ಉತ್ತು ರಾಡಿ ಮಾಡುತ್ತಾರೆ. ಹಾಗೆ ಮಾಡಿದರೆ ಮಣ್ಣಿನ ಸಣ್ಣ ಸಂದುಗಳು ಮುಚ್ಚಿಕೊಂಡು ನೀರು ಇಂಗದೆ ನಿಲ್ಲುತ್ತದೆ, ಕಳೆ ಅಡಗುತ್ತದೆ, ಸಸಿ ಬೇರು ಬಿಡುತ್ತದೆ. ಇಂಗ್ಲಿಷಿನ ಬೇಸಾಯದ ಪುಸ್ತಕಗಳು ಇದಕ್ಕೆ 'ಪಡ್ಲಿಂಗ್' ಎನ್ನುತ್ತವೆ. ಮಡ್ಲ್ ಅಂದರೆ ಕೆಡಿಸುವುದಂತೆ, ಪಡ್ಲ್ ಅಂದರೆ ಹದ ಮಾಡುವುದಂತೆ. ಎರಡೂ ರಾಡಿಯೇ. ಖಾನಾಪುರದ ಮಣ್ಣಿನಿಂದ ಹೆಂಚಾಗಿದೆ, ಗಡಿಗೆಯಾಗಿದೆ. ಕುಂಬಾರಿಕೆ ಕಲಿಸಲೆಂದೇ ಖಾದಿ ಗ್ರಾಮೋದ್ಯೋಗದವರ ಸಂಸ್ಥೆಯೊಂದು ಅಲ್ಲಿದೆ. ಅವ್ವನಿಗೆ ಈ ಪದಗಳ ಪಟ್ಟಿ ಹೇಳಿದೆ. "ರಾಡಿ ತುಳೀದ ಅನ್ನ ಎಲ್ಲೈತೋ ಯಪ್ಪಾ?" ಅಂದಳು.

ಇನ್ನು ಮುಟ್ಟುವುದು. ಕನ್ನಡದಲ್ಲಿ 'ಮುಟ್ಟು' ಅಂದರೆ ಸ್ಪರ್ಶ. ಹೆಂಗಸರ ತಿಂಗಳಿನ ಮುಟ್ಟೂ ಅದೇ ಪದ. ಹಳೆಯ ನಿಘಂಟುಗಳಲ್ಲಿ ಇನ್ನೊಂದು ಅರ್ಥವೂ ಇದೆ: ಸಲಕರಣೆ, ಕೆಲಸದ ಸಾಮಾನು. ಕೈಯಿಂದ ಮುಟ್ಟದೆ ಲೋಕದಲ್ಲಿ ಏನೂ ಆಗುವುದಿಲ್ಲ ಎಂದು ಈ ಮಾತು ಆಡಿದವನಿಗೆ ಗೊತ್ತಿತ್ತು. ಆ ಅರ್ಥ ಮೂಲೆ ಸೇರಿತು. ಉಳಿದದ್ದು ಮುಡಚಟ್ಟು, ಮೈಲಿಗೆ. ಮರಾಠಿಯಲ್ಲಿ 'ವಿಟಾಳ'. ಗಡಿಗಾಗಿ ದಶಕಗಳಿಂದ ಜಗಳಾಡುತ್ತಿರುವ ಎರಡು ಭಾಷೆಗಳು ಈ ಒಂದು ವಿಷಯದಲ್ಲಿ ಜಗಳಾಡಿಲ್ಲ.

1923ರಲ್ಲಿ ಎಸ್.ಕೆ. ಬೋಲೆಯವರ ಠರಾವು ಮುಂಬಯಿ ಪ್ರಾಂತ್ಯದ ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದಿತು. ಬೆಳಗಾವಿಯೂ ಆಗ ಅದೇ ಪ್ರಾಂತ್ಯ. ಕಾಗದದ ಮೇಲಿದ್ದ ಆ ಹಕ್ಕನ್ನು ಕೈಗೆ ತಂದುಕೊಳ್ಳಲು ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರು ಕುಡಿದರು. ಆಮೇಲೆ ಸವರ್ಣೀಯರು ಸಗಣಿ, ಗಂಜಲ, ಹಾಲು, ಮೊಸರು ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ಮನುಷ್ಯನ ಬೊಗಸೆ ತಾಗಿದರೆ ನೀರು ಹೊಲಸು, ದನದ ಸಗಣಿ ಬಿದ್ದರೆ ಚೊಕ್ಕ! ಅಂದು ಕೆರೆಯನ್ನು ಕದಡಿದವರು ಯಾರು ಎಂಬುದಕ್ಕೆ ನಿಘಂಟು ಬೇಕಿಲ್ಲ, ಕಣ್ಣಿದ್ದರೆ ಸಾಕು.

ಬೆರೆಯುವುದೂ ಹಾಗೇ. ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನನ ಭಯಗಳಲ್ಲಿ ವರ್ಣಸಂಕರವೂ ಒಂದು. ನಮ್ಮ ಕಡೆ ಅಂಬಾಭವಾನಿಯ ಹೆಸರಿನಲ್ಲಿ ಸಂಬಾಳ ಬಾರಿಸಿ ರಾತ್ರಿಯಿಡೀ ಕುಣಿದು ಹಾಡುವುದು ಗೊಂದಲಿಗರ ಗೊಂದಲ. ಆ ಹೆಸರೇ ಇಂದು ಅವ್ಯವಸ್ಥೆಗೆ ಹೆಸರಾಗಿ ಕೂತಿದೆ.

ಇಷ್ಟು ಹೇಳಿ ನಿಲ್ಲಿಸಿದರೆ ಮೇಲಿನವರನ್ನು ಬಯ್ದ ಸಮಾಧಾನ ಸಿಕ್ಕೀತು. ಆದರೆ ಪಟ್ಟಿಯಲ್ಲಿ ಇನ್ನೊಂದು ಪದ ಉಳಿದಿದೆ: ಆಬ್‌ಫಸ್ಕೇಟ್. ಇದಕ್ಕೆ ಮಣ್ಣು ಬೇಡ, ನೀರು ಬೇಡ, ಕೈ ಕೂಡ ಬೇಡ. ಬಾಯಿ ಸಾಕು. ಇದು ಚೊಕ್ಕ ಅಂಗಿಯವರ ರಾಡಿ.

ಒಂದು ಉದಾಹರಣೆ ನೋಡಿ. ಕೈಯಿಂದ ಮಲ ಬಾಚಿಸುವುದನ್ನು 1993ರ ಕಾಯ್ದೆ ನಿಷೇಧಿಸಿತು, 2013ರ ಕಾಯ್ದೆ ಮತ್ತೆ ನಿಷೇಧಿಸಿತು. 2021ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ಉತ್ತರ ಕೊಟ್ಟಿತು: ಮಲ ಬಾಚುವ ಕೆಲಸದಿಂದ ಸತ್ತವರು ಯಾರೂ ವರದಿಯಾಗಿಲ್ಲ. ಅದೇ ವರ್ಷ ಅದೇ ಸರ್ಕಾರ ಕೊಟ್ಟ ಇನ್ನೊಂದು ಲೆಕ್ಕ: ಒಳಚರಂಡಿ, ಶೌಚಗುಂಡಿ ಶುಚಿ ಮಾಡುವಾಗ ಸತ್ತವರು 941 ಮಂದಿ. ಎರಡು ಹೆಸರು, ಎರಡು ಲೆಕ್ಕ, ಗುಂಡಿಯೊಳಗಿನ ಹೆಣ ಮಾತ್ರ ಒಂದೇ. ಈ ಉತ್ತರದಲ್ಲಿ ಒಂದು ಪದವೂ ಕಾನೂನಿನ ಲೆಕ್ಕದಲ್ಲಿ ಸುಳ್ಳಲ್ಲ ಎಂದು ವಾದಿಸಬಹುದು. ಸುಳ್ಳಾಗಿದ್ದರೆ ಹಿಡಿಯಬಹುದಿತ್ತು. ಇದು ಕದಡಿದ ಮಾತು, ತಳ ಕಾಣುವುದಿಲ್ಲ. 'ಸತ್ತರು' ಎಂಬುದರಲ್ಲಿ ಇಳಿಸಿದವರು ಯಾರು ಎಂಬುದಿಲ್ಲ. 'ಮೈಲಿಗೆಯಾಯಿತು' ಎಂಬುದರಲ್ಲಿ ಮೈಲಿಗೆ ಅಂದವರು ಯಾರು ಎಂಬುದಿಲ್ಲ. ಕರ್ತೃವನ್ನು ನುಂಗುವ ಈ ವ್ಯಾಕರಣವೇ ವ್ಯವಸ್ಥೆಯ ವ್ಯಾಕರಣ.

2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು, ತಾವಿದ್ದ ಜಾಗದಿಂದ ಒಕ್ಕಲೆಬ್ಬಿಸುವುದನ್ನು ವಿರೋಧಿಸಿ, ತಲೆಯ ಮೇಲೆ ಮಲ ಸುರಿದುಕೊಂಡರು. ನಾಡೇ ಮೂಗು ಮುಚ್ಚಿಕೊಂಡಿತು. ಆದರೆ ಅಂದು ಅವರು ಹೊಲಸು ಮಾಡಲಿಲ್ಲ. ಊರು ಬಿಟ್ಟ ಹೊಲಸು ಇಷ್ಟು ವರ್ಷ ಯಾರ ತಲೆಯ ಮೇಲಿತ್ತು ಎಂಬುದನ್ನು ಹಗಲು ಬೆಳಕಿನಲ್ಲಿ ತೋರಿಸಿದರು. ಅಂಥ ತಿಳಿಯಾದ ವಾಕ್ಯವನ್ನು ನಮ್ಮ ಯಾವ ಕವಿಯೂ ಬರೆದಿಲ್ಲ.

ಈಗ ನನ್ನ ಸರದಿ. ಬಿ.ಎ. ಎರಡನೇ ವರ್ಷ, ನಾಟಿಯ ಕಾಲ. ಅವ್ವ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡು ಖಾನಾಪುರದಿಂದ ಬಸ್ಸು ಹತ್ತಿ ಹಾಸ್ಟೆಲಿಗೆ ಬಂದಳು. ಸೀರೆಯ ಅಂಚಿಗೆ ರಾಡಿ ಒಣಗಿತ್ತು. ಅವಳನ್ನು ಬಾಗಿಲಲ್ಲಿ ಕಂಡ ಗೆಳೆಯ "ಯಾರೋ ಇವರು?" ಅಂದ. ನಾನು "ನಮ್ಮೂರವರು" ಅಂದೆ. ಸುಳ್ಳೇ? ಅಲ್ಲ. ಅವ್ವ ನಮ್ಮೂರವಳೇ. ಸಂಸತ್ತಿನ ಉತ್ತರದಷ್ಟೇ ನಿಜ! ಅವ್ವ ಕೇಳಿಸಿಕೊಂಡಳು. ಏನೂ ಅನ್ನಲಿಲ್ಲ. "ರೊಟ್ಟಿ ಬಿಸಿ ಇದ್ದಾಗ ತಿನ್ನಪಾ" ಅಂತ ಹೇಳಿ ಬಸ್ಸಿಗೆ ಹೋದಳು. ಆ ದಿನ ಹಾಸ್ಟೆಲಿನಲ್ಲಿ ರಾಡಿ ಮಾಡಿದ್ದು ಅವಳ ಕಾಲಲ್ಲ, ನನ್ನ ನಾಲಿಗೆ.

ಹೆದರಿಸಿದ್ದು ಜಾತಿ, ಒಪ್ಪುತ್ತೇನೆ. ಆದರೆ ಹೆದರಿಕೆ ನನ್ನ ವಾಕ್ಯದ ಕರ್ತೃ ಅಲ್ಲ. ಆಡಿದವನು ನಾನು. ಸರ್ಕಾರದ ವಾಕ್ಯದಲ್ಲಿ ಕರ್ತೃ ಎಲ್ಲಿ ಎಂದು ಕೇಳುವವನು ತನ್ನ ವಾಕ್ಯದಲ್ಲಿ ತಾನು ಅಡಗಿ ಕೂರಲಾಗದು. ಅಕ್ಷರ ಕಲಿತ ನಾವು ಮೊದಲ ತಲೆಮಾರಿನವರು ಈ ಬಲೆಗೆ ಬೇಗ ಬೀಳುತ್ತೇವೆ. ಕಲಿತ ಮಾತಿನಿಂದಲೇ ಹುಟ್ಟನ್ನು ಮಸುಕು ಮಾಡಿಕೊಳ್ಳುತ್ತೇವೆ.

ಹಳ್ಳಿ ಶಾಲೆಯ ಗೆಳೆಯರಲ್ಲಿ ಒಂದು ಮಾತು. ಈ ಪದಗಳನ್ನು ಕಲಿಸುವಾಗ ಅರ್ಥ ಹೇಳಿ ಮುಂದೆ ಹೋಗಬೇಡಿ. ಯಾರು, ಯಾವುದನ್ನು, ಯಾರ ಲಾಭಕ್ಕಾಗಿ ಎಂದು ಮಕ್ಕಳಿಂದಲೇ ಕೇಳಿಸಿ. ಹೊಳೆ ಹೊಲಸಾಯಿತು ಅನ್ನುವ ಹುಡುಗಿಗೆ, ಮಾಡಿದವರು ಯಾರವ್ವಾ ಎಂದು ಕೇಳಿ. ಮೈಲಿಗೆ ಆತು ಅನ್ನುವ ಹುಡುಗನಿಗೆ, ಅಂದವರು ಯಾರಪಾ ಎಂದು ಕೇಳಿ.

ಈ ಲೇಖನವನ್ನು ಅವ್ವನಿಗೆ ಓದಿ ಹೇಳಬೇಕು. ಹಾಸ್ಟೆಲಿನ ಮಾತು ಬರುವಲ್ಲಿ ನನ್ನ ದನಿ ಸಣ್ಣದಾಗುತ್ತದೆ, ಗೊತ್ತಿದೆ. ಆದರೂ ಓದುತ್ತೇನೆ.