ಸೋಮವಾರದ ಎತ್ತು, ಶನಿವಾರದ ಮನೆ

ಮೇ 1 ಶುಕ್ರವಾರ ಬಿದ್ದ ವರ್ಷ ಬೆಂಗಳೂರಿಗೆ ಮೂರು ದಿನದ ರಜೆ ಒಟ್ಟಿಗೆ ಸಿಗುತ್ತದೆ. ಗುರುವಾರ ಸಂಜೆಯೇ ಕನಕಪುರ ರಸ್ತೆಯಲ್ಲಿ, ಮಾಗಡಿ ರಸ್ತೆಯಲ್ಲಿ ಕಾರುಗಳ ಸಾಲು. ಹಿಂದಿನ ಸೀಟಿನಲ್ಲಿ ಅಜ್ಜಿ, ಮೊಮ್ಮಕ್ಕಳು, ನಾಯಿ. ಸಾವನದುರ್ಗದ ಬಂಡೆ ಕಾಣುವ ಕಡೆಯೋ ಮಂಚನಬೆಲೆ ಹಿನ್ನೀರಿನ ಆಸುಪಾಸಿನಲ್ಲೋ ಅವರದೊಂದು ಫಾರ್ಮ್‌ಹೌಸ್ ಇರುತ್ತದೆ. ಬಾದಾಮಿ, ರಸಪುರಿ ಹಣ್ಣಿಗೆ ಬಂದಿರುತ್ತವೆ. ಗೇಟು ತೆಗೆಯಲು ನಿಂತ ತೋಟದವನಿಗೂ ಅವನ ಹೆಂಡತಿಗೂ ಮೈಮುರಿಯುವ ಕೆಲಸ ಶುರುವಾಗುವುದು ಆಗಲೇ. ಸರ್ಕಾರ ಆ ರಜೆ ಕೊಟ್ಟದ್ದು ಕಾರ್ಮಿಕರ ದಿನಾಚರಣೆಗೆ.

ವಿಶ್ರಾಂತಿ ಯಾರದು ಎಂಬ ಪ್ರಶ್ನೆಯನ್ನು ಈ ಸೀಮೆಯ ಒಕ್ಕಲುತನ ಬೇರೆಯೇ ರೀತಿಯಲ್ಲಿ ಬಗೆಹರಿಸಿಕೊಂಡಿತ್ತು. ಹಳೇ ಮೈಸೂರಿನ ಬಹಳ ಊರುಗಳಲ್ಲಿ ಸೋಮವಾರ ಆರು ಕಟ್ಟುತ್ತಿರಲಿಲ್ಲ. ಅದು ಶಿವನ ವಾರ, ಬಸವನ ವಾರ. ಹದ ಮಳೆ ಬಿದ್ದು ನೆಲ ಕರೆಯುತ್ತಿದ್ದರೂ ಎತ್ತಿನ ಹೆಗಲ ಮೇಲೆ ನೊಗ ಇಡುವಂತಿಲ್ಲ. ಬಿಡುವು ಸಲ್ಲಬೇಕಾದದ್ದು ಎತ್ತಿಗೆ. ಮನುಷ್ಯನಿಗೆ ಸಿಗುತ್ತಿದ್ದದ್ದು ಅದರ ಪಾಲು. ಎತ್ತು ನಿಂತರೆ ಒಡೆಯನೂ ಆಳೂ ಒಂದೇ ದಿನ ನೇಗಿಲು ಕೆಳಗಿಡುತ್ತಿದ್ದರು. ಯೆಹೂದ್ಯರ ಸಬ್ಬತ್ ಆಜ್ಞೆಯೂ ಹೀಗೆಯೇ: ಏಳನೆಯ ದಿನ ಯಜಮಾನನ ಜೊತೆ ಆಳು, ಎತ್ತು, ಕತ್ತೆ, ಊರಲ್ಲಿ ತಂಗಿದ ಪರದೇಶಿ ಎಲ್ಲರೂ ದಣಿವಾರಿಸಿಕೊಳ್ಳಬೇಕು.

ರೇಷ್ಮೆ ಮನೆಗಳ ಲೆಕ್ಕ ಇನ್ನೂ ವಿಚಿತ್ರ. ರಾಮನಗರ, ಚನ್ನಪಟ್ಟಣದ ಸುತ್ತ ಹುಳು ಸಾಕುವವರಿಗೆ ಕ್ಯಾಲೆಂಡರಿನ ಕೆಂಪು ಅಂಕಿ ಉಪಯೋಗಕ್ಕಿಲ್ಲ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ತಲೆಯೆತ್ತಿ ಸುಮ್ಮನೆ ಕೂತದ್ದನ್ನು ‘ಜ್ವರಕ್ಕೆ ಕೂತಿದೆ’ ಎನ್ನುತ್ತಾರೆ. ಆ ಹೊತ್ತು ಸೊಪ್ಪು ಹಾಕುವಂತಿಲ್ಲ. ಮನೆಯವರು ನೆಂಟರ ಮನೆಗೆ ಹೋಗಿ ಬರುವುದು, ಬಟ್ಟೆ ಒಗೆಯುವುದು, ನಿದ್ದೆ ಮಾಡುವುದು ಆಗಲೇ. ನಾಲ್ಕನೆಯ ಜ್ವರ ಎದ್ದ ಮೇಲೆ ಮಾತ್ರ ವಾರವಿಡೀ ಹುಳುವಿನ ಹಸಿವೇ ಹಸಿವು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ತನಕ ಭಾನುವಾರ, ಹಬ್ಬ, ಮದುವೆ ಯಾವುದೂ ಇಲ್ಲ. ಬಿಡುವು ಎಂಬುದು ಇಲ್ಲಿ ಯಾರೂ ಆರಿಸಿಕೊಳ್ಳುವ ವಸ್ತುವಲ್ಲ.

ಆದರೆ ಕೂತು ದಣಿವಾರಿಸಿಕೊಳ್ಳುವುದಕ್ಕೆ ಧರ್ಮದಲ್ಲಿ ಬೆಲೆಯಿದೆಯೇ? ಕಾಯಕವನ್ನೇ ಪೂಜೆಯ ಎತ್ತರಕ್ಕೇರಿಸಿದ ಶರಣಪರಂಪರೆಯ ಮುಂದೆ ಈ ಪ್ರಶ್ನೆ ಇಟ್ಟರೆ ಸಲೀಸಾದ ಉತ್ತರ ಸಿಗದು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿದ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ 2019ರಲ್ಲಿ, 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಅವರ ದಿನಚರಿಯಲ್ಲಿ ವೀಕೆಂಡ್ ಹುಡುಕುವುದು ವ್ಯರ್ಥ. ಆದರೂ ಕಾಯಕದ ಜೊತೆಗೆ ಶರಣರು ದಾಸೋಹವನ್ನೂ ಇಟ್ಟರು. ದುಡಿಮೆಯ ಫಲ ತನ್ನೊಬ್ಬನದಲ್ಲ ಎಂದಮೇಲೆ, ದುಡಿಮೆಯಿಂದ ಸಿಕ್ಕ ಬಿಡುವು ಮಾತ್ರ ಹೇಗೆ ತನ್ನೊಬ್ಬನದಾದೀತು?

ಕಾನೂನೂ ಒಂದು ಕಾಲಕ್ಕೆ ಈ ಜಿಜ್ಞಾಸೆಗೆ ಕೈಹಾಕಿತ್ತು. ದೇವರಾಜ ಅರಸು ಕಾಲದ, 1974ರ ಭೂಸುಧಾರಣೆಯ ಹಿಂದಿದ್ದದ್ದು ಉಳುವವನೇ ಹೊಲದೊಡೆಯ ಎಂಬ ನಂಬಿಕೆ. ಬೇರೆ ಕಸುಬಿನಿಂದ ಮಿತಿ ಮೀರಿ ದುಡಿಯುವವರು ಕೃಷಿಭೂಮಿ ಕೊಳ್ಳುವಂತಿರಲಿಲ್ಲ. ಆ ಮಿತಿ ಏರುತ್ತಾ ಏರುತ್ತಾ 2015ರಲ್ಲಿ ವರ್ಷಕ್ಕೆ 25 ಲಕ್ಷ ರೂಪಾಯಿ ಮುಟ್ಟಿತು. 2020ರ ತಿದ್ದುಪಡಿ ಅದನ್ನು ತೆಗೆದೇ ಹಾಕಿತು. ಈಗ ಹೊಲವನ್ನು ಉಳಲಿಕ್ಕೆಂದು ಮಾತ್ರವಲ್ಲ, ಉಳದೆ ಇರಲಿಕ್ಕೆಂದೂ ಕೊಳ್ಳಬಹುದು. ಫ್ರಾನ್ಸಿನಲ್ಲೂ ಹತ್ತು ಮನೆಗೆ ಸುಮಾರು ಒಂದು, ಫಾರ್ಮ್‌ಹೌಸಿನಂತೆ ಬಿಡುವಿಗೆಂದಿರುವ ಎರಡನೆಯ ಮನೆಯೇ. ಆದರೆ ಅಲ್ಲಿ 1936ರಲ್ಲೇ ಕೂಲಿಕಾರರಿಗೂ ಎರಡು ವಾರದ ಸಂಬಳಸಹಿತ ರಜೆ ಕಾನೂನಾಗಿತ್ತು. ನಮ್ಮಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರು ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳುತನದಲ್ಲಿ ಹೋರಾಡಿ, 1890ರಲ್ಲಿ ಭಾನುವಾರದ ರಜೆ ಗೆದ್ದರು. ಅದು ತೋಟದ ಗೇಟಿನ ತನಕ ಇನ್ನೂ ಬಂದಿಲ್ಲ.

ಹಳೆಯದೆಲ್ಲ ಹೊನ್ನಾಗಿತ್ತು ಅಂತಲ್ಲ. ಸೋಮವಾರ ನೇಗಿಲು ನಿಂತರೂ ಕೊಟ್ಟಿಗೆಯ ಸಗಣಿ ಬಾಚುವ ಹೆಂಗಸಿಗೆ ಯಾವ ವಾರವೂ ಇರಲಿಲ್ಲ. ಟ್ರ್ಯಾಕ್ಟರ್ ಬಂದ ಮೇಲಂತೂ ನಿಯಮವೇ ಸಡಿಲವಾಯಿತು. ಎತ್ತಿಗೆಂದು ಇದ್ದ ಬಿಡುವು ಎತ್ತಿನ ಜೊತೆಗೇ ಹೋಯಿತು, ಅದನ್ನು ಆಳಿಗೆ ವರ್ಗಾಯಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಇಡೀ ಊರಿಗೆ ಒಂದೇ ಕಟ್ಟಳೆಯಾಗಿ ಉಳಿದಿರುವುದು ಮಾರಮ್ಮನ ಹಬ್ಬ. ಹಲವು ಊರುಗಳಲ್ಲಿ ‘ಸಾರು ಹಾಕಿದ’ ಮೇಲೆ, ಅಂದರೆ ಹಬ್ಬ ಸಾರಿದ ಮೇಲೆ, ಊರವರು ಹೊರಗೆ ರಾತ್ರಿ ತಂಗುವಂತಿಲ್ಲ, ಒಲೆಯ ಮೇಲೆ ಒಗ್ಗರಣೆ ಚಟಗುಟ್ಟುವಂತಿಲ್ಲ. ಎಲ್ಲೆಯೊಳಗಿನ ಫಾರ್ಮ್‌ಹೌಸಿಗೂ ಈ ಕಟ್ಟಳೆ ಸಲ್ಲುತ್ತದೆಯೇ? ವಂತಿಗೆ ಕೇಳಲು ಹೋದವರಿಗೆ ಮಾಲೀಕರು ತಕರಾರಿಲ್ಲದೆ ಕೊಡುತ್ತಾರೆ, ಕೆಲವರು ಕೇಳಿದ್ದಕ್ಕಿಂತ ಹೆಚ್ಚೇ. ಕಟ್ಟಳೆಯ ಮಾತು ಬರುವುದೇ ಇಲ್ಲ: ಹಬ್ಬ ಸಾಮಾನ್ಯವಾಗಿ ಬೀಳುವುದು ಮಂಗಳವಾರ, ಅವತ್ತು ಮಾಲೀಕರು ಬೆಂಗಳೂರಿನ ಆಫೀಸಿನಲ್ಲಿರುತ್ತಾರೆ.